ಉಚಿತ ಆವೃತ್ತಿಗೆ ಮಿತಿ ಹಾಕುವುದು ದಿನದ ಲೆಕ್ಕದಲ್ಲೋ, ಕೆಲಸದ ಲೆಕ್ಕದಲ್ಲೋ?

ತೋಟದಕೋಡರ್

ಅಡಿಕೆ ಸುಲಿತದ ಲೆಕ್ಕ ಇಡುವ ಸಣ್ಣದೊಂದು ಆ್ಯಂಡ್ರಾಯ್ಡ್ ಆ್ಯಪ್ ಬರೆದಿದ್ದೇನೆ. ಈ ಕೆಲಸವನ್ನು ನೋಡದವರಿಗಾಗಿ ಎರಡು ಮಾತು. ಕೆಂಪಡಿಕೆ ಮಾಡುವ ನಮ್ಮ ಕಡೆ ಕೊನೆ (ಅಡಿಕೆಯ ಗೊನೆ) ಕೊಯ್ದ ಮೇಲೆ ಹಸಿ ಅಡಿಕೆಯನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತಿಲ್ಲ. ಅಂದು ಸಂಜೆಯಿಂದಲೇ ಹತ್ತು ಹದಿನೈದು ಮಂದಿ ಅಂಗಳದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಸುಲಿಯಲು ಕೂರುತ್ತಾರೆ. ಏಳುವ ಹೊತ್ತಿಗೆ ಪ್ರತಿಯೊಬ್ಬರೂ ಸುಲಿದದ್ದನ್ನು ತೂಗಿ, ಅಥವಾ ಡಬ್ಬದಲ್ಲಿ ಅಳೆದು, ಹೆಸರಿನ ಮುಂದೆ ಬರೆದುಕೊಳ್ಳುತ್ತೇವೆ. ನಡುನಡುವೆ ಅವರು ಪಡೆದ ಮುಂಗಡವನ್ನೂ ಅಲ್ಲೇ ಗುರುತು ಹಾಕುತ್ತೇವೆ. ಸುಗ್ಗಿ ಮುಗಿದಾಗ ಕೂಡಿ ಕಳೆದು ಚುಕ್ತಾ ಮಾಡುತ್ತೇವೆ. ಪುಸ್ತಕದಲ್ಲಿ ನಡೆಯುತ್ತಿದ್ದ ಈ ಕೆಲಸವನ್ನೇ ಆ್ಯಪ್ ಮಾಡುತ್ತದೆ, ಕೊನೆಯಲ್ಲಿ ಒಬ್ಬೊಬ್ಬರಿಗೂ ಒಂದು ಚೀಟಿ ತಯಾರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲು ಕೊಡುತ್ತದೆ.

ಕಳೆದ ವರ್ಷ ನಮ್ಮ ದೊಡ್ಡಪ್ಪನ ಮನೆಯಲ್ಲಿ ಮತ್ತು ಅಕ್ಕಪಕ್ಕದ ಎರಡು ಮನೆಗಳಲ್ಲಿ ಬಳಸಿ ನೋಡಿದ್ದಾಯಿತು. ಈ ವರ್ಷ ಪ್ಲೇ ಸ್ಟೋರ್‌ಗೆ ಹಾಕಿ, ಒಂದು ಹಂಗಾಮಿಗೆ 600 ರೂಪಾಯಿ ಇಡಬೇಕೆಂದಿದ್ದೇನೆ. ಆದರೆ ಬಳಸಿ ನೋಡದೆ ಯಾರೂ ಹಣ ಕೊಡುವುದಿಲ್ಲವಾದ್ದರಿಂದ ಉಚಿತವಾಗಿ ಎಷ್ಟು ಬಿಟ್ಟುಕೊಡಬೇಕು ಎಂಬಲ್ಲಿ ಸಿಕ್ಕಿಕೊಂಡಿದ್ದೇನೆ. ಹದಿನೈದು ದಿನ ಎಲ್ಲವನ್ನೂ ಕೊಟ್ಟು ಆಮೇಲೆ ಬೀಗ ಹಾಕುವುದು ಒಂದು ದಾರಿ. ಐದು ಹೆಸರುಗಳವರೆಗೆ ಮಾತ್ರ ಉಚಿತ ಎನ್ನುವುದು ಇನ್ನೊಂದು. ಲೆಕ್ಕವೆಲ್ಲ ಉಚಿತ, ಚೀಟಿ ಬೇಕಾದರೆ ಮಾತ್ರ ಹಣ ಎನ್ನುವುದು ಮತ್ತೊಂದು. ಆ್ಯಪ್ ತೆಗೆದು ಮತ್ತೆ ಹಾಕಿಕೊಂಡರೆ ಹದಿನೈದು ದಿನ ಹೊಸದಾಗಿ ಶುರುವಾಗುವ ತೊಂದರೆಗೂ ಉಪಾಯ ಬೇಕು. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೆಮೋಡೆಮ್

ನಿಮ್ಮ ಮೂರು ದಾರಿಗಳೂ ನಲವತ್ತು ವರ್ಷ ಹಳೆಯವು. 1983ರಲ್ಲಿ ಬಾಬ್ ವ್ಯಾಲೇಸ್ ಎಂಬವರು ಪಿಸಿ-ರೈಟ್ ಎಂಬ ಬರವಣಿಗೆಯ ತಂತ್ರಾಂಶವನ್ನು ಶೇರ್‌ವೇರ್ ಎಂಬ ಹೆಸರಿನಲ್ಲಿ ಹಂಚಿದರು. ಫ್ಲಾಪಿಯನ್ನು ಯಾರು ಬೇಕಾದರೂ ನಕಲು ಮಾಡಿ ಕೊಡಬಹುದಿತ್ತು, ಇಷ್ಟವಾದವರು ಹಣ ಕಳಿಸಿ ನೋಂದಾಯಿಸಿಕೊಳ್ಳಬೇಕಿತ್ತು. ನಿಮ್ಮ ನಕಲಿನಿಂದ ಇನ್ನೊಬ್ಬರು ನೋಂದಾಯಿಸಿಕೊಂಡರೆ ನಿಮಗೂ ಕಮಿಷನ್ ಬರುತ್ತಿತ್ತು. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟವು ತನ್ನ ಮೂರು ಭಾಗಗಳಲ್ಲಿ ಮೊದಲನೆಯದನ್ನು ಇಡಿಯಾಗಿ ಉಚಿತವಾಗಿ ಕೊಟ್ಟಿತು. ಇಲ್ಲಿ ಗಮನಿಸಬೇಕಾದದ್ದು ಆ "ಇಡಿಯಾಗಿ" ಎಂಬುದನ್ನು. ಆಡುತ್ತಿರುವವನನ್ನು ಹದಿನೈದನೇ ನಿಮಿಷಕ್ಕೆ ಎಬ್ಬಿಸಿ ಕಳಿಸಲಿಲ್ಲ. ಒಂದು ಭಾಗಕ್ಕೆ ಆದಿಯಿದ್ದಂತೆ ಅಂತ್ಯವೂ ಇತ್ತು, ಅದನ್ನು ಮುಗಿಸಿದವನಿಗೆ ಮುಂದಿನದು ಬೇಕೋ ಬೇಡವೋ ಎಂಬುದು ತಾನಾಗಿ ಗೊತ್ತಾಗುತ್ತಿತ್ತು.

ದಿನದ ಲೆಕ್ಕದ ಮಿತಿಗೆ ನಮಗೆಲ್ಲ ಪರಿಚಿತವಾದ ಉದಾಹರಣೆ ಫೈಲುಗಳನ್ನು ಕುಗ್ಗಿಸಿ ಕಟ್ಟುವ ವಿನ್‌ರಾರ್ ತಂತ್ರಾಂಶ. ನಾನು ಸೈಬರ್ ಕೆಫೆ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅದರ ನಲವತ್ತು ದಿನಗಳು ಎಂಟು ವರ್ಷ ನಡೆದವು. ಅವಧಿ ಮುಗಿದಿದೆ ಎಂದು ಕಿಟಕಿಯೊಂದು ತೆರೆಯುತ್ತದೆ, ಅದನ್ನು ಮುಚ್ಚಿದರೆ ಕೆಲಸ ಎಂದಿನಂತೆ ನಡೆಯುತ್ತದೆ. ಲೆಕ್ಕಪರಿಶೋಧನೆಗೆ ಅಂಜುವ ಕಂಪನಿಗಳು ಗಿರಾಕಿಗಳಾಗಿದ್ದರೆ ಇಷ್ಟು ಮೆತ್ತಗಿನ ಮಿತಿಯೂ ನಡೆದೀತು, ನಿಮ್ಮ ಗಿರಾಕಿಗಳು ಅಂಥವರಲ್ಲ.

ಸಂಜೆಪಾಳಿ

ತೆಗೆದು ಮತ್ತೆ ಹಾಕಿಕೊಳ್ಳುವವರ ಬಗ್ಗೆ ಕೇಳಿದ್ದೀರಿ. ಶುರುವಾದ ದಿನಾಂಕವನ್ನು ಆ್ಯಪ್‌ನ ಒಳಗಿನ ಫೈಲಿನಲ್ಲಿ ಬರೆದಿಟ್ಟರೆ ಆ್ಯಪ್ ತೆಗೆದಾಗ ಅದೂ ಹೋಗುತ್ತದೆ. ಆ್ಯಂಡ್ರಾಯ್ಡ್ 6ರಿಂದ ಈಚೆಗೆ ಆ್ಯಪ್‌ನ ದತ್ತಾಂಶ 25 ಎಂಬಿವರೆಗೆ ಗೂಗಲ್ ಡ್ರೈವ್‌ಗೆ ತಾನಾಗಿ ನಕಲಾಗುವ ವ್ಯವಸ್ಥೆ ಇದೆ, ಹಾಗಾಗಿ ಕೆಲವರ ಫೋನಿನಲ್ಲಿ ದಿನಾಂಕ ಮರಳಿ ಬರುತ್ತದೆ; ಬ್ಯಾಕಪ್ ಆಫ್ ಮಾಡಿಟ್ಟವರ ಫೋನಿನಲ್ಲಿ ಬರುವುದಿಲ್ಲ. ಪ್ರತಿ ಫೋನಿಗೂ ಬೇರೆಯಾಗಿರುವ ಐಎಂಇಐ ಸಂಖ್ಯೆಯನ್ನು ಓದೋಣವೆಂದರೆ ಆ್ಯಂಡ್ರಾಯ್ಡ್ 10ರಿಂದ ಸಾಮಾನ್ಯ ಆ್ಯಪ್‌ಗಳಿಗೆ ಆ ಬಾಗಿಲು ಮುಚ್ಚಿದೆ. ಉಳಿದದ್ದು ಆ್ಯಂಡ್ರಾಯ್ಡ್ ಐಡಿ, ಅಂದರೆ ಆ್ಯಂಡ್ರಾಯ್ಡ್ ತಾನೇ ಕೊಡುವ ಗುರುತಿನ ಸಂಖ್ಯೆ. ಆ್ಯಂಡ್ರಾಯ್ಡ್ 8ರಿಂದ ಅದು ಆ್ಯಪ್‌ಗೆ ಸಹಿ ಹಾಕಿದ ಕೀಲಿಗೆ ತಕ್ಕಂತೆ ಬೇರೆ ಬೇರೆಯಾಗಿರುತ್ತದೆ, ಆದರೆ ನಿಮ್ಮ ಆ್ಯಪ್ ಅನ್ನು ತೆಗೆದು ಹಾಕಿದರೂ ನಿಮ್ಮ ಪಾಲಿಗೆ ಅದೇ ಸಿಗುತ್ತದೆ. ಫೋನನ್ನು ಪೂರ್ತಿ ರೀಸೆಟ್ ಮಾಡಿದಾಗ ಮಾತ್ರ ಬದಲಾಗುತ್ತದೆ. ಅದನ್ನು ಸರ್ವರ್‌ನಲ್ಲಿ ದಿನಾಂಕದ ಜೊತೆಗೆ ಬರೆದಿಟ್ಟುಕೊಳ್ಳಬಹುದು. ಐಫೋನ್‌ನವರಿಗೆ ಇದೇ ಕೆಲಸಕ್ಕೆ 2017ರಿಂದ ಡಿವೈಸ್‌ಚೆಕ್ ಎಂಬ ಸೌಲಭ್ಯವಿದ್ದು, ಒಂದು ಫೋನಿಗೆ ಎರಡೇ ಎರಡು ಬಿಟ್‌ಗಳನ್ನು (ಹೌದು ಅಥವಾ ಇಲ್ಲ ಎಂಬ ಗುರುತುಗಳನ್ನು) ಆ್ಯಪಲ್ ನಿಮ್ಮ ಪರವಾಗಿ ನೆನಪಿಟ್ಟುಕೊಳ್ಳುತ್ತದೆ. ಎರಡು ಬಿಟ್ ಎಂದರೆ ಜಿಪುಣತನ ಅನ್ನಿಸುತ್ತದೆ, "ಈ ಫೋನಿನವರು ಉಚಿತ ಅವಧಿ ಬಳಸಿಯಾಗಿದೆ" ಎಂದು ಹೇಳಲು ಒಂದು ಬಿಟ್ ಸಾಕು.

ಇಷ್ಟೆಲ್ಲ ಮಾಡಿದರೂ ಫೋನಿನ ಗಡಿಯಾರವನ್ನು ಹಿಂದಕ್ಕೆ ತಿರುಗಿಸುವವರು ಇದ್ದೇ ಇರುತ್ತಾರೆ. ಸಮಯವನ್ನು ಸರ್ವರ್‌ನಿಂದಲೇ ಕೇಳಬೇಕೆಂದರೆ ನೆಟ್‌ವರ್ಕ್ ಬೇಕು. ನಿಮ್ಮ ದೊಡ್ಡಪ್ಪನ ಅಂಗಳದಲ್ಲಿ ರಾತ್ರಿ ಹನ್ನೊಂದಕ್ಕೆ ನೆಟ್‌ವರ್ಕ್ ಸಿಗುತ್ತದೆಯೇ ಎಂಬುದನ್ನು ಮೊದಲು ಹೇಳಿ.

ತೋಟದಕೋಡರ್

ಸಿಗುವುದಿಲ್ಲ. ಗದ್ದೆಯ ಆಚೆಗಿನ ದಿಬ್ಬ ಹತ್ತಿದರೆ ಸಿಗುತ್ತದೆ. ತೂಕ ಬರೆಯುವ ಹೊತ್ತಿನಲ್ಲಿ ಆ್ಯಪ್ ಸರ್ವರ್ ಕೇಳುತ್ತಾ ಕುಳಿತರೆ ದೊಡ್ಡಪ್ಪ ಮರುದಿನವೇ ಹಳೆಯ ಪುಸ್ತಕ ಹುಡುಕುತ್ತಾರೆ.

ಅಂಗಡಿಬೀದಿ

ನಾನು ಕೋಡ್ ಬರೆಯುವವನಲ್ಲ, ಕಿರಾಣಿ ಅಂಗಡಿಯವನು. ಮಿತಿಗೆ ಸಿಕ್ಕಿದವನ ಕಡೆಯಿಂದ ಒಂದು ಮಾತು. ಮೂರು ವರ್ಷದ ಹಿಂದೆ ಉದ್ರಿ ಲೆಕ್ಕ ಮತ್ತು ಬಿಲ್ಲಿಂಗ್‌ಗೆಂದು ಒಂದು ತಂತ್ರಾಂಶ ಹಾಕಿಕೊಂಡೆ. ಯಾವುದೆಂದು ಹೇಳುವುದಿಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಮೊದಲ ವಾರ ಹಳೆಯ ಪುಸ್ತಕದಿಂದ ಇನ್ನೂರು ಚಿಲ್ಲರೆ ಗಿರಾಕಿಗಳ ಬಾಕಿಯನ್ನು ನನ್ನ ಮಗಳು ರಾತ್ರಿ ಕುಳಿತು ತುಂಬಿಸಿದಳು. ಹದಿನಾರನೆಯ ದಿನ ಬೆಳಿಗ್ಗೆ ಶಟರ್ ಎತ್ತಿ ಕಂಪ್ಯೂಟರ್ ಹಚ್ಚಿದರೆ ತೆರೆಯ ತುಂಬ ಒಂದು ಬೀಗದ ಚಿತ್ರ, ಕೆಳಗೆ ಹಣ ಕಟ್ಟುವ ಗುಂಡಿ. ಹೊಸ ಬಿಲ್ಲು ಮಾಡಲಾಗದಿದ್ದರೆ ಹೋಗಲಿ, ಯಾರು ಎಷ್ಟು ಕೊಡಬೇಕು ಎಂಬುದನ್ನು ನೋಡುವುದಕ್ಕೂ ಬಿಡಲಿಲ್ಲ. ಎದುರಿಗೆ ಬಾಕಿ ತೀರಿಸಲು ಬಂದು ನಿಂತ ಗಿರಾಕಿಗೆ "ನಾಳೆ ಬನ್ನಿ" ಎಂದು ಹೇಳಿದ್ದು ನನ್ನ ವ್ಯಾಪಾರದಲ್ಲಿ ಅದೇ ಮೊದಲು.

ಹಣ ಕಟ್ಟಿದೆ, ಕಟ್ಟದೆ ಗತಿಯಿರಲಿಲ್ಲ. ಆ ವರ್ಷ ಮುಗಿಯುವುದರೊಳಗೆ ಒಂದೊಂದೇ ಬಾಕಿಯನ್ನು ಪುಸ್ತಕಕ್ಕೆ ಇಳಿಸಿಕೊಂಡು ಅದನ್ನು ಕೈಬಿಟ್ಟೆ, ಬೀದಿಯ ಉಳಿದ ಅಂಗಡಿಯವರಿಗೂ ಬೇಡವೆಂದೆ. ತಯಾರಕರ ಲೆಕ್ಕದಲ್ಲಿ ನಾನು ಉಚಿತ ಅವಧಿಯಿಂದ ಬಂದು ಹಣ ಕೊಟ್ಟ ಗಿರಾಕಿ ಎಂದೇ ದಾಖಲಾಗಿರುತ್ತೇನೆ.

ಬೈಟುಬಯಲು

ಮೇಲಿನವರ ಅನುಭವಕ್ಕೆ ನನ್ನ ಒಪ್ಪಿಗೆ ಇದೆ, ಆದರೆ ಅದರಿಂದ ಮಿತಿಯೇ ಬೇಡ ಎಂದು ಅರ್ಥ ಮಾಡಿಕೊಳ್ಳಬಾರದು. ದಿನದ ಲೆಕ್ಕ ನಿಮಗೆ ಹೊಂದುವುದಿಲ್ಲ ಎನ್ನುವುದಕ್ಕೆ ಕಳ್ಳತನಕ್ಕಿಂತ ದೊಡ್ಡ ಕಾರಣವಿದೆ. ನಿಮ್ಮ ಆ್ಯಪ್‌ನ ಪ್ರಯೋಜನ ಕಾಣುವುದು ಚುಕ್ತಾ ಮಾಡುವ ದಿನ, ಅಂದರೆ ಎರಡು ಮೂರು ತಿಂಗಳ ಕೊನೆಯಲ್ಲಿ. ಮೊದಲ ಹದಿನೈದು ದಿನಗಳಲ್ಲಿ ಬಳಕೆದಾರರಿಗೆ ಸಿಗುವುದು ಹೆಸರು ತುಂಬಿಸುವ ಶ್ರಮ ಮಾತ್ರ. ಒಂದು ಕೊಯ್ಲಿಗೂ ಮುಂದಿನ ಕೊಯ್ಲಿಗೂ ನಡುವೆ ತಿಂಗಳ ಮೇಲೆ ಅಂತರವಿದ್ದರೆ ನಿಮ್ಮ ಉಚಿತ ಅವಧಿಯ ಬಹುಪಾಲು ಆ್ಯಪ್ ತೆರೆಯದ ದಿನಗಳಲ್ಲೇ ಕಳೆದು ಹೋಗುತ್ತದೆ.

ಸಂಖ್ಯೆಯ ಮಿತಿಗೆ ಬನ್ನಿ. ಜೂಮ್‌ನ ನಲವತ್ತು ನಿಮಿಷ ಎಲ್ಲರಿಗೂ ಗೊತ್ತು. ತಂಡಗಳು ಮಾತಾಡಿಕೊಳ್ಳಲು ಬಳಸುವ ಸ್ಲ್ಯಾಕ್ ಮೊದಲು ಕೊನೆಯ 10,000 ಸಂದೇಶಗಳನ್ನು ಉಚಿತವಾಗಿ ತೋರಿಸುತ್ತಿತ್ತು. 2022ರ ಸೆಪ್ಟೆಂಬರಿನಿಂದ ಅದನ್ನು ಕೊನೆಯ 90 ದಿನಗಳ ಸಂದೇಶಗಳು ಎಂದು ಬದಲಿಸಿತು. ಗಿಜಿಗುಡುವ ತಂಡಗಳಿಗೆ ಅದರಿಂದ ಲಾಭವಾಗಿರಬಹುದು, ತಿಂಗಳಿಗೆ ನಾಲ್ಕು ಮಾತಾಡುವ ನಮ್ಮಂಥ ಗುಂಪುಗಳ ವರ್ಷಗಳ ಮಾತುಕತೆ ಕಣ್ಮರೆಯಾಯಿತು. ಎವರ್‌ನೋಟ್ 2023ರ ಡಿಸೆಂಬರಿನಲ್ಲಿ ಉಚಿತ ಖಾತೆಯನ್ನು 50 ಟಿಪ್ಪಣಿಗಳಿಗೆ ಇಳಿಸಿತು. ಆದರೆ ಅದಕ್ಕಿಂತ ಹೆಚ್ಚು ಬರೆದಿಟ್ಟಿದ್ದವರು ಹಳೆಯದನ್ನು ನೋಡಲು, ತಿದ್ದಲು, ಹೊರಗೆ ಒಯ್ಯಲು ಅಡ್ಡಿ ಮಾಡಲಿಲ್ಲ. ಅಂಗಡಿಬೀದಿಯವರಿಗೆ ಆಗಬೇಕಿದ್ದದ್ದು ಅದೇ. ಒಮ್ಮೆ ಘೋಷಿಸಿದ ಸಂಖ್ಯೆಯನ್ನು ಜನ ಕೊಟ್ಟ ಮಾತು ಎಂದೇ ತಿಳಿಯುತ್ತಾರೆ. ಮುಂದೆ ಏರಿಸಿದರೆ ಸಂತೋಷಪಡುತ್ತಾರೆ, ಇಳಿಸಿದರೆ ಬಿಟ್ಟು ಹೋಗುತ್ತಾರೆ. ಆದ್ದರಿಂದ ಬಿಗಿಯಾಗಿಯೇ ಶುರು ಮಾಡಿ.

ಐದು ಹೆಸರುಗಳ ಮಿತಿ ಮಾತ್ರ ಬೇಡ. ಆರನೆಯವರು ಬಂದ ರಾತ್ರಿ ನಿಮ್ಮ ಬಳಕೆದಾರರು "ಗಿರಿಜಮ್ಮ ಮತ್ತು ಅತ್ತಿಗೆ" ಎಂದು ಒಂದೇ ಹೆಸರಿನಲ್ಲಿ ಇಬ್ಬರ ತೂಕವನ್ನೂ ಬರೆಯುತ್ತಾರೆ, ಕೊನೆಗೆ ಲೆಕ್ಕ ಕಲಸಿ ಹೋದಾಗ ಬೈಸಿಕೊಳ್ಳುವುದು ನಿಮ್ಮ ಆ್ಯಪ್.

ಮೆಟ್ಟುಗತ್ತಿ

ಚೀಟಿಗೆ ಹಣ ಕೇಳುವ ಮೂರನೆಯ ದಾರಿಯ ಬಗ್ಗೆ ಯಾರೂ ಮಾತಾಡಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ತಾಯಿ ಬಹಳ ವರ್ಷ ಸುಲಿಯಲು ಹೋಗುತ್ತಿದ್ದರು. ರಾತ್ರಿ ಮನೆಗೆ ಬಂದು, ಚೊಗರಿನಿಂದ ಕಪ್ಪಾದ ಬೆರಳುಗಳಲ್ಲಿ ಪೆನ್ನು ಹಿಡಿಯಲಾಗದೆ, ನನ್ನನ್ನು ಎಬ್ಬಿಸಿ ನನ್ನ ಶಾಲೆಯ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅಂದಿನ ತೂಕ ಬರೆಸುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಆ ಹಾಳೆಗೂ ಮನೆಯೊಡೆಯರ ಪುಸ್ತಕಕ್ಕೂ ತಾಳೆಯಾಗದಿದ್ದರೆ ಪುಸ್ತಕದ್ದೇ ನಡೆಯುತ್ತಿತ್ತು. ಅವರು ಮೋಸಗಾರರಾಗಿದ್ದರು ಎಂದು ಹೇಳುತ್ತಿಲ್ಲ. ಒಂದು ರಾತ್ರಿಯ ತೂಕ ಬರೆಯಲು ಮರೆತಿದ್ದರೂ ಅದನ್ನು ಹಿಡಿದು ತೋರಿಸಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ.

ನಿಮ್ಮ ಆ್ಯಪ್‌ಗೆ ಹಣ ಕೊಡುವವರು ತೋಟದವರು. ಚೀಟಿ ಬೇಕಾಗಿರುವುದು ಸುಲಿಯುವವರಿಗೆ. ಮಿತಿಯನ್ನು ಚೀಟಿಯ ಮೇಲೆ ಹಾಕಿದರೆ ತೋಟದವರಿಗೆ ಅಷ್ಟೇನೂ ನಷ್ಟವಾಗುವುದಿಲ್ಲ, ಕೂಡಿದ ಮೊತ್ತ ಅವರ ತೆರೆಯ ಮೇಲೆ ಹೇಗೂ ಕಾಣುತ್ತದೆ. ಅವರು 600 ರೂಪಾಯಿ ಉಳಿಸಿಕೊಂಡು ಬಾಯಲ್ಲೇ ಲೆಕ್ಕ ಹೇಳಿ ಮುಗಿಸುತ್ತಾರೆ. ವ್ಯಾಪಾರದ ದೃಷ್ಟಿಯಿಂದಲೂ ಅದು ದುರ್ಬಲ ಮಿತಿ ಎಂದು ನನ್ನ ಅಭಿಪ್ರಾಯ.

ತೋಟದಕೋಡರ್

ಚೀಟಿಯ ವಿಷಯವನ್ನು ಆ ಕಡೆಯಿಂದ ನಾನು ಯೋಚಿಸಿಯೇ ಇರಲಿಲ್ಲ. ಅದನ್ನು ಪಟ್ಟಿಯಿಂದ ತೆಗೆದಿದ್ದೇನೆ. ಚೀಟಿ ಎಂದೆಂದಿಗೂ ಉಚಿತ, "ಉಚಿತ ಆವೃತ್ತಿಯಲ್ಲಿ ತಯಾರಾದದ್ದು" ಎಂಬ ಅಡ್ಡ ಬರಹವೂ ಅದರ ಮೇಲೆ ಇರುವುದಿಲ್ಲ.

ಹಾಗಾದರೆ ಉಳಿದದ್ದು ಒಂದು ಕೊಯ್ಲನ್ನು ಇಡಿಯಾಗಿ ಉಚಿತ ಬಿಡುವುದು. ಹಳೆಮೋಡೆಮ್ ಅವರು ಹೇಳಿದ ಆಟದ ಮೊದಲ ಭಾಗದಂತೆ ಒಂದು ಕೊಯ್ಲಿನ ಸುಲಿತ, ಮುಂಗಡ, ಚುಕ್ತಾ, ಚೀಟಿ ಎಲ್ಲವೂ ಆಗಿ ಮುಗಿಯುತ್ತದೆ. ಎರಡನೆಯ ಕೊಯ್ಲಿಗೆ ಹಣ.

ಸಂಜೆಪಾಳಿ

ಕಲ್ಪನೆ ಸರಿಯಾಗಿದೆ, ಆದರೆ ಕೊಯ್ಲು ಮುಗಿಯಿತು ಎಂದು ಆ್ಯಪ್‌ಗೆ ಹೇಳುವವರು ಯಾರು? "ಕೊಯ್ಲು ಮುಗಿಸಿ" ಎಂಬ ಗುಂಡಿ ಇಟ್ಟರೆ ಅದನ್ನು ಯಾರೂ ಒತ್ತುವುದಿಲ್ಲ. ಹಂಗಾಮಿನುದ್ದಕ್ಕೂ ಒಂದೇ ಕೊಯ್ಲು ನಡೆಯುತ್ತಿರುತ್ತದೆ.

ಅದಕ್ಕಿಂತ ಸುಲಿತ ನಡೆದ ರಾತ್ರಿಗಳನ್ನು ಎಣಿಸಿ. ಆ್ಯಪ್ ಹಾಕಿಕೊಂಡು ಎಷ್ಟು ದಿನವಾಯಿತು ಎಂಬುದು ಬೇಡ, ತೂಕ ಬರೆದ ದಿನಾಂಕಗಳು ಎಷ್ಟಿವೆ ಎಂಬುದಷ್ಟೇ ಸಾಕು. ಆ್ಯಪ್ ತೆರೆಯದ ದಿನ ಲೆಕ್ಕಕ್ಕೆ ಬರುವುದಿಲ್ಲ, ಗಡಿಯಾರ ಹಿಂದಕ್ಕೆ ತಿರುಗಿಸಿ ಪ್ರಯೋಜನವಿಲ್ಲ, ಸರ್ವರ್ ಬೇಕಾಗಿಲ್ಲ. ಮಿತಿ ತಪ್ಪಿಸಲು ಎಲ್ಲವನ್ನೂ ಒಂದೇ ದಿನಾಂಕದಲ್ಲಿ ಬರೆಯುತ್ತೇನೆ ಎಂದು ಹೊರಟವನ ಪುಸ್ತಕ ಅವನಿಗೇ ಅರ್ಥವಾಗದಂತೆ ಕೆಡುತ್ತದೆ. ಎಣಿಕೆಯನ್ನು ಬೇರೆ ಕಡೆ ಬಚ್ಚಿಡುವ ಅಗತ್ಯವೂ ಇಲ್ಲ, ಏಕೆಂದರೆ ಲೆಕ್ಕದ ದತ್ತಾಂಶವೇ ಎಣಿಕೆ. ಆ್ಯಪ್ ತೆಗೆದರೆ ಎಣಿಕೆಯ ಜೊತೆಗೆ ಲೆಕ್ಕವೂ ಹೋಗುತ್ತದೆ, ಬ್ಯಾಕಪ್‌ನಿಂದ ಲೆಕ್ಕ ಮರಳಿ ತಂದರೆ ಎಣಿಕೆಯೂ ಮರಳುತ್ತದೆ. ಎಲ್ಲವನ್ನೂ ಕಳೆದುಕೊಂಡು ಹೊಸದಾಗಿ ಶುರು ಮಾಡುವವನಿಗೆ ಇನ್ನಷ್ಟು ರಾತ್ರಿ ಉಚಿತವಾಗಿ ಸಿಕ್ಕರೆ ಸಿಗಲಿ ಬಿಡಿ. ನಾನು ಮೊದಲು ಹೇಳಿದ ಆ್ಯಂಡ್ರಾಯ್ಡ್ ಐಡಿ, ಸರ್ವರ್ ಇತ್ಯಾದಿಗಳನ್ನು ಮರೆತುಬಿಡಿ. ಕೇಳಿದಿರಿ ಎಂದು ಹೇಳಿದೆ.

ಕಾನೂನುಕಡತ

ಹಣ ಪಡೆಯುವ ರೀತಿಯ ಬಗ್ಗೆ ಒಂದು ಎಚ್ಚರಿಕೆ. ಪ್ಲೇ ಸ್ಟೋರ್‌ನಲ್ಲಿ ಸಿದ್ಧವಾಗಿ ಸಿಗುವ ಉಚಿತ ಅವಧಿ ಚಂದಾದಾರಿಕೆಗೆ ಅಂಟಿಕೊಂಡದ್ದು. ಕನಿಷ್ಠ ಮೂರು ದಿನ ಇಡಬೇಕು, ಅವಧಿ ಮುಗಿದ ಕೂಡಲೇ ಮೊದಲೇ ಕೊಟ್ಟ ಖಾತೆಯಿಂದ ಹಣ ಕಡಿತವಾಗುತ್ತದೆ. ಆ್ಯಪಲ್ 2018ರಲ್ಲಿ ಚಂದಾ ಇಲ್ಲದ ಆ್ಯಪ್‌ಗಳಿಗೂ ದಿನದ ಲೆಕ್ಕದ ಉಚಿತ ಅವಧಿಗೆ ದಾರಿ ಮಾಡಿತು, ಅದಕ್ಕೆ ಸೊನ್ನೆ ಬೆಲೆಯ ಖರೀದಿಯೊಂದನ್ನು ಇಡಬೇಕು ಮತ್ತು ಅದರ ಹೆಸರಿನಲ್ಲೇ ಎಷ್ಟು ದಿನ ಎಂಬುದು ಇರಬೇಕು. ನಿಮ್ಮದು ಹಂಗಾಮಿನ ಸರಕಾದ್ದರಿಂದ ಚಂದಾ ಬೇಡ. ಪ್ರತಿ ಹಂಗಾಮಿಗೂ ಅವರೇ ಬಂದು ಕೊಳ್ಳುವ ಒಂದಾವರ್ತಿ ಖರೀದಿ ಇಡಿ, ಉಚಿತ ರಾತ್ರಿಗಳ ಎಣಿಕೆ ನಿಮ್ಮ ಆ್ಯಪ್‌ನಲ್ಲೇ ಇರಲಿ.

ನಮ್ಮಲ್ಲಿ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರಿನಿಂದ ಕಟ್ಟುನಿಟ್ಟು ಮಾಡಿದ್ದು, ಕಡಿತಕ್ಕೆ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಡಾರ್ಕ್ ಪ್ಯಾಟರ್ನ್‌ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ ಹದಿಮೂರು ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿದೆ. ಉಚಿತ ಚಂದಾ ಕೊಡಲು ಪಾವತಿಯ ವಿವರವನ್ನೋ ತಾನಾಗಿ ಕಡಿತವಾಗುವ ಒಪ್ಪಿಗೆಯನ್ನೋ ಬಲವಂತವಾಗಿ ಪಡೆಯುವುದು ಅದರಲ್ಲಿ ಚಂದಾ ಬಲೆ ಎಂಬ ತಲೆಬರಹದ ಕೆಳಗೆ ಬರುತ್ತದೆ. ಬೇಡವೆಂದರೂ ಮತ್ತೆ ಮತ್ತೆ ಕಾಡುವುದು, ಇಲ್ಲದ ಆತುರ ಹುಟ್ಟಿಸುವುದು ಕೂಡ ಪಟ್ಟಿಯಲ್ಲಿವೆ. "ಈ ಬೆಲೆ ಇನ್ನು ಎರಡೇ ಗಂಟೆ" ಎಂದು ಸುಳ್ಳು ಗಡಿಯಾರ ಓಡಿಸುವ ಆಸೆ ಇದ್ದರೆ ಬಿಟ್ಟುಬಿಡಿ.

ತೋಟದಕೋಡರ್

ಎಲ್ಲರಿಗೂ ಕೃತಜ್ಞತೆಗಳು. ಇಲ್ಲಿಯವರೆಗೆ ನಿಶ್ಚಯಿಸಿದ್ದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿಳಿಸಿ.

ಉಚಿತವಾಗಿ ಎಂಟು ರಾತ್ರಿ. ಕಳೆದ ವರ್ಷದ ಮೂರು ಮನೆಗಳ ಲೆಕ್ಕ ತೆಗೆದು ನೋಡಿದಾಗ ಮೊದಲ ಕೊಯ್ಲಿನ ಸುಲಿತ ಒಂದು ಮನೆಯಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು, ದೊಡ್ಡಪ್ಪನ ಮನೆಯಲ್ಲಿ ಏಳು ರಾತ್ರಿ ನಡೆದಿತ್ತು. ಎಂಟು ಇಟ್ಟರೆ ಮೂವರೂ ಒಂದು ಕೊಯ್ಲನ್ನು ಪೂರ್ತಿ ನೋಡಿದಂತಾಗುತ್ತದೆ. ಒಂದೆಕರೆ ತೋಟದವರಿಗೆ ಇಡೀ ಹಂಗಾಮೇ ಎಂಟು ರಾತ್ರಿಯಲ್ಲಿ ಮುಗಿದೀತು. ಅವರು ಹಣ ಕೊಡದಿದ್ದರೆ ನನಗೆ ಬೇಸರವಿಲ್ಲ.

ಆರನೆಯ ರಾತ್ರಿಯ ಮಾರನೆಯ ಬೆಳಿಗ್ಗೆ ಒಂದು ಸೂಚನೆ ಬರುತ್ತದೆ. ರಾತ್ರಿ ಬರುವುದಿಲ್ಲ, ತಕ್ಕಡಿಯ ಮುಂದೆ ಜನ ನಿಂತಿರುವಾಗ ಫೋನಿನಲ್ಲಿ ಹಣದ ಮಾತು ಕಾಣಿಸುವುದು ದೊಡ್ಡಪ್ಪನಿಗೂ ಮುಜುಗರ. ಒಂಬತ್ತನೆಯ ರಾತ್ರಿಯ ಹಾಳೆ ಮಾತ್ರ ಹಣ ಕೊಡದೆ ತೆರೆಯುವುದಿಲ್ಲ. ಹಿಂದಿನದನ್ನು ನೋಡುವುದು, ತಿದ್ದುವುದು, ಮುಂಗಡ ಬರೆಯುವುದು, ಚೀಟಿ ಕಳಿಸುವುದು, ಪೂರ್ತಿ ಲೆಕ್ಕವನ್ನು ಫೈಲಾಗಿ ಹೊರಗೆ ಒಯ್ಯುವುದು ಎಂದಿನಂತೆ ನಡೆಯುತ್ತವೆ. ತೆರೆಯ ಮೇಲೆ ಬರುವ ಒಕ್ಕಣೆ ಹೀಗಿದೆ: "ಉಚಿತವಾಗಿ ಬರೆಯಬಹುದಾದ ಎಂಟು ರಾತ್ರಿಗಳು ಮುಗಿದಿವೆ. ಬರೆದ ಲೆಕ್ಕವೆಲ್ಲ ನಿಮ್ಮದೇ, ತೆರೆದೇ ಇರುತ್ತದೆ. ಈ ಹಂಗಾಮಿನ ಉಳಿದ ರಾತ್ರಿಗಳಿಗೆ 600 ರೂಪಾಯಿ." ಬೀಗದ ಚಿತ್ರ ಹಾಕಿಲ್ಲ.

ಬೈಟುಬಯಲು

ಬಿಗಿಯಾಗಿ ಶುರು ಮಾಡಿ ಎಂದಿದ್ದೆ, ಎಂಟು ನನ್ನ ಕಣ್ಣಿಗೆ ಉದಾರವೇ. ಏಳು ಸಾಕಿತ್ತು. ನಿಮ್ಮ ದೊಡ್ಡಪ್ಪನ ಮೇಲಿನ ಪ್ರೀತಿಗೆ ಒಂದು ರಾತ್ರಿ ಹೆಚ್ಚಾಯಿತೆಂದು ತಿಳಿಯುತ್ತೇನೆ.

ಮೆಟ್ಟುಗತ್ತಿ

ಒಂದು ಸಂದೇಹ. ನಮ್ಮ ಕಡೆ ದೊಡ್ಡ ತೋಟಗಳಲ್ಲಿ ಸುಲಿತ ಹನ್ನೆರಡು ದಾಟುವುದು ಸಾಮಾನ್ಯ. ಬೇಗ ಏಳುವವರ ತೂಕ ಹತ್ತಕ್ಕೆ ಆಗುತ್ತದೆ, ಕೊನೆಯವರದು ಹನ್ನೆರಡೂವರೆಗೆ. ನಿಮ್ಮ ಆ್ಯಪ್ ಅದನ್ನು ಒಂದು ರಾತ್ರಿ ಎನ್ನುತ್ತದೆಯೋ, ಎರಡು ಎನ್ನುತ್ತದೆಯೋ?

ತೋಟದಕೋಡರ್

ಈಗಷ್ಟೇ ಕೋಡ್ ತೆಗೆದು ನೋಡಿದೆ, ಎರಡು ಎನ್ನುತ್ತದೆ. ದಿನಾಂಕ ಬದಲಾದ ಕೂಡಲೇ ಹೊಸ ಹಾಳೆ ತೆರೆದುಕೊಳ್ಳುವಂತೆ ಬರೆದಿದ್ದೇನೆ. ಎಂಟನೆಯ ರಾತ್ರಿಯಾಗಿದ್ದರೆ ಹನ್ನೆರಡು ಹೊಡೆದ ಮೇಲೆ ತೂಗಲು ನಿಂತ ಮೂರು ನಾಲ್ಕು ಜನರ ತೂಕ ಬರೆಯಲು ಬಿಡುತ್ತಲೇ ಇರಲಿಲ್ಲ. ಕಳೆದ ವರ್ಷ ದೊಡ್ಡಪ್ಪನ ಮನೆಯಲ್ಲಿ ಏಳು ರಾತ್ರಿ ಎಂದು ಕಂಡದ್ದರಲ್ಲೂ ಒಂದೆರಡು ಹೀಗೆ ಸೇರಿದವೇ ಇರಬೇಕು. ಮಧ್ಯಾಹ್ನ ಹನ್ನೆರಡರಿಂದ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ಒಂದೇ ರಾತ್ರಿ ಎಂದು ಬದಲಿಸುತ್ತಿದ್ದೇನೆ. ಚೀಟಿಯಲ್ಲೂ ಹಿಂದಿನ ಸಂಜೆಯ ದಿನಾಂಕವೇ ಬರುತ್ತದೆ.